ಲೆಕ್ಕದ ಹೆದರಿಕೆ ಎಲ್ಲಿಂದ ಬಂತು?



ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ. ಶ್ರೀನಿವಾಸ ರಾಮಾನುಜನ್ ಅವರು 1887ರಲ್ಲಿ ಹುಟ್ಟಿದ ದಿನ ಅದು. 2012ರಿಂದ ನಮ್ಮ ದೇಶದಲ್ಲಿ ಈ ದಿನವನ್ನು ಆಚರಿಸುತ್ತಾ ಬಂದಿದ್ದಾರೆ. ಅದಕ್ಕಾಗಿ ಈ ಸಲದ ಗೋಡೆ ಪತ್ರಿಕೆಗೆ ಎಲ್ಲರೂ ಗಣಿತದ ಮೇಲೆ ಏನಾದರೂ ಬರೆದು ಕೊಡಿ ಎಂದು ಹೇಳಿದ್ದರು. ಆರನೇ ತರಗತಿಯವರು ರಾಮಾನುಜನ್ ಅವರ ಜೀವನ ಚರಿತ್ರೆ ಬರೆದು ಚಿತ್ರವನ್ನೂ ಬಿಡಿಸಿದ್ದಾರೆ. ನಮ್ಮ ತರಗತಿಯ ಹುಡುಗರು ಒಗಟಿನ ಲೆಕ್ಕ ಬರೆದಿದ್ದಾರೆ. ನಾನು ಮಾತ್ರ ಒಂದು ಅಭಿಪ್ರಾಯ ಬರೆಯುತ್ತೇನೆ ಅಂತ ಹೇಳಿದೆ. ಆಗ ಗೆಳತಿಯರು "ನಿಂಗೆ ಲೆಕ್ಕ ಅಂದ್ರೆ ಆಗಲ್ಲ, ನೀ ಎಂತ ಬರೀತೀಯೇ?" ಅಂತ ನಕ್ಕರು. ಅದೇ ವಿಷಯ ಬರೆಯುತ್ತೇನೆ. ನನಗೆ ಲೆಕ್ಕ ಅಂದರೆ ಯಾಕೆ ಆಗುತ್ತಿರಲಿಲ್ಲ, ಅದು ಎಲ್ಲಿಂದ ಬಂತು ಎಂಬುದೇ ನನ್ನ ವಿಷಯ.

ಈ ಗೋಡೆಯ ಮುಂದೆ ನಮ್ಮ ಗುರುಗಳೂ ನಿಂತು ಓದುತ್ತಾರೆ. ದೊಡ್ಡವರ ಬಗ್ಗೆ ಬರೆಯುವುದು ತಪ್ಪಾಗುತ್ತದೋ ಏನೋ ಎಂದು ಹೆದರಿಕೆಯಾಗಿ ಎರಡು ಸಲ ಬರೆದು ಹರಿದೆ. ಮೂರನೇ ಸಲ ಹರಿಯಲಿಲ್ಲ. ತಪ್ಪಿದ್ದರೆ ತಿದ್ದಿ.

ನಾನು ಮೂರನೇ ತರಗತಿ ಮುಗಿಯುವವರೆಗೆ ಅಜ್ಜನ ಮನೆಯಲ್ಲಿದ್ದು ಹೊಸನಗರ ತಾಲೂಕಿನ ಒಂದು ಶಾಲೆಗೆ ಹೋಗುತ್ತಿದ್ದೆ. ಆಮೇಲೆ ಇಲ್ಲಿ ಸಾಗರ ತಾಲೂಕಿಗೆ ಬಂದೆ. ಅಲ್ಲಿ ನಮಗೆ ಎಲ್ಲಾ ವಿಷಯಕ್ಕೂ ಒಬ್ಬರೇ ಅಕ್ಕೋರು. ಅವರಷ್ಟು ಒಳ್ಳೆಯ ಅಕ್ಕೋರನ್ನು ನಾನು ನೋಡಿಲ್ಲ. ಮಳೆಗಾಲದಲ್ಲಿ ಹೊರಗೆ ಜಡಿಮಳೆ ಹೊಡೆಯುತ್ತಿದ್ದರೆ ನಮ್ಮನ್ನೆಲ್ಲ ಹತ್ತಿರ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. ಮಳೆಯ ಸದ್ದಿಗೆ ಅವರ ದನಿ ಕೇಳಲ್ಲ ಅಂತ ನಾವು ಇನ್ನೂ ಹತ್ತಿರ ಸರಿಯುತ್ತಿದ್ದೆವು. ಹಾಡು ಹೇಳಿಕೊಡುವಾಗ ಅವರ ಮುಖ ಎಷ್ಟು ಚೆಂದ ಕಾಣುತ್ತಿತ್ತು!

ಆದರೆ ಊಟದ ನಂತರ ಲೆಕ್ಕದ ಪುಸ್ತಕ ತೆಗೆಯುವಾಗ ಅವರು ಒಂದು ದೊಡ್ಡ ಉಸಿರು ಬಿಡುತ್ತಿದ್ದರು. "ಬನ್ನಿ ಮಕ್ಕಳೇ, ಇದೊಂದು ಮುಗಿಸಿಬಿಡೋಣ" ಅನ್ನುತ್ತಿದ್ದರು. ಕಥೆಯನ್ನು ಅವರು ಯಾವತ್ತೂ 'ಮುಗಿಸಿಬಿಡೋಣ' ಅಂದಿದ್ದಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆಯುವಾಗ ಪುಸ್ತಕವನ್ನು ಎರಡೆರಡು ಸಲ ನೋಡುತ್ತಿದ್ದರು. ಯಾರಾದರೂ "ಅಕ್ಕೋರೇ, ಇದು ಯಾಕೆ ಹೀಗೆ?" ಅಂತ ಕೇಳಿದರೆ "ಅದು ಹಾಗೇ, ಬಾಯಿಪಾಠ ಮಾಡು" ಅನ್ನುತ್ತಿದ್ದರು. ನಾವು ಗಲಾಟೆ ಮಾಡಿದರೆ "ಸುಮ್ಮನೆ ಕೂರಲ್ವಾ? ಹಾಗಾದ್ರೆ ಹತ್ತು ಲೆಕ್ಕ ಕೊಡ್ತೀನಿ ನೋಡಿ" ಅನ್ನುತ್ತಿದ್ದರು. ಸುಮ್ಮನೆ ಕೂತರೆ ಕಥೆ, ಗಲಾಟೆ ಮಾಡಿದರೆ ಲೆಕ್ಕ. ಆಗ ಅದು ನಮಗೆ ಸಹಜವಾಗಿಯೇ ಇತ್ತು. ಈಗ ಯೋಚನೆ ಮಾಡಿದರೆ, ನಾವೆಲ್ಲ ಎಂಟು ವರ್ಷಕ್ಕೇ ಲೆಕ್ಕ ಅಂದರೆ ಒಂದು ಶಿಕ್ಷೆ ಅಂತ ಕಲಿತೆವು. ಅದನ್ನು ಯಾರೂ ಪಾಠ ಮಾಡಿರಲಿಲ್ಲ, ಆದರೂ ಕಲಿತೆವು.

ಒಂದು ದಿನ ನನಗೆ ಭಾಗಾಕಾರ ಬರದೆ ಅಳು ಬಂತು. ಅಕ್ಕೋರು ನನ್ನ ತಲೆ ಸವರಿ, "ಅಳಬೇಡ ಪುಟ್ಟಿ, ನಂಗೂ ನಿನ್ನ ವಯಸ್ಸಲ್ಲಿ ಬರ್ತಿರ್ಲಿಲ್ಲ. ನಾವು ಹೆಣ್ಣುಮಕ್ಕಳಿಗೆ ಲೆಕ್ಕ ಸ್ವಲ್ಪ ಕಷ್ಟವೇ" ಅಂದರು. ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ನಾನೂ ಅಕ್ಕೋರ ಹಾಗೇ ಅಂತ ಖುಷಿಯಾಯಿತು. ದೊಡ್ಡವಳಾದ ಮೇಲೆ ಅವರ ಹಾಗೇ ಅಕ್ಕೋರು ಆಗಬೇಕು ಅಂತ ನನಗೆ ಆಸೆ ಇತ್ತು. ಅವರ ಹಾಗೆ ಕಥೆ ಹೇಳುವುದು, ಅವರ ಹಾಗೆ ಹಾಡು ಹೇಳುವುದು, ಅವರ ಹಾಗೇ ಲೆಕ್ಕ ಬರದಿರುವುದು. ಮೂರನ್ನೂ ಒಟ್ಟಿಗೇ ಕಲಿತೆ. 'ನೂಲಿನಂತೆ ಸೀರೆ' ಅಂತ ಗಾದೆಯೇ ಇದೆಯಲ್ಲ.

ಬೈಯುವ ಮೇಷ್ಟ್ರಿಂದ ಮಾತ್ರ ಹೆದರಿಕೆ ಬರುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಹೆದರಿಕೆ ಬಂದದ್ದು ನಾನು ತುಂಬಾ ಪ್ರೀತಿಸುತ್ತಿದ್ದ ಅಕ್ಕೋರಿಂದ. ಈಗ ಶಾಲೆಯಲ್ಲಿ ಹೊಡೆಯಬಾರದು ಅಂತ ಕಾನೂನು ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅದನ್ನು ಬರೆದಿದ್ದಾರೆ, ಅದು 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕೋಲನ್ನು ಕಾನೂನಿನಿಂದ ನಿಲ್ಲಿಸಬಹುದು. ದೊಡ್ಡ ಉಸಿರು ಬಿಡುವುದನ್ನು ಯಾವ ಕಾನೂನು ನಿಲ್ಲಿಸುತ್ತದೆ?

ಹೆದರಿಕೆಯಿಂದ ಲೆಕ್ಕ ಹೇಗೆ ಕೆಡುತ್ತದೆ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಒಂದು ಉದಾಹರಣೆ ನೋಡಿ. 47ಕ್ಕೆ 38 ಕೂಡಬೇಕು. ಏಳಕ್ಕೆ ಎಂಟು ಕೂಡಿದರೆ ಹದಿನೈದು, ಐದು ಬರೆದು ಕೈಯಲ್ಲಿ ಒಂದು. ಆ 'ಕೈಯಲ್ಲಿ ಒಂದು' ಇರುವುದು ಕೈಯಲ್ಲಲ್ಲ, ತಲೆಯಲ್ಲಿ! ಅದನ್ನು ನೆನಪಿಟ್ಟುಕೊಂಡೇ ನಾಲ್ಕಕ್ಕೆ ಮೂರು ಕೂಡಬೇಕು. ಆ ಹೊತ್ತಿಗೆ ನನ್ನ ತಲೆಯಲ್ಲಿ 'ತಪ್ಪಾದ್ರೆ ಎಂತ ಮಾಡೂದು, ಹಿಂದಿನ ಬೆಂಚಿನವರು ನಗ್ತಾರೆ' ಅಂತ ಯೋಚನೆ ಬರುತ್ತಿತ್ತು. ಆ ಯೋಚನೆ ಬಂದ ಕೂಡಲೇ ಕೈಯಲ್ಲಿದ್ದ ಒಂದು ಬಿದ್ದು ಹೋಗುತ್ತಿತ್ತು. 85 ಬರೆಯುವ ಬದಲು 75 ಬರೆಯುತ್ತಿದ್ದೆ. ನಮ್ಮ ತಲೆಯಲ್ಲಿ ಆಗಿಂದಾಗ ನೆನಪಿಟ್ಟುಕೊಳ್ಳುವ ಜಾಗ ಸ್ವಲ್ಪವೇ ಇರುವುದಂತೆ. ಹೆದರಿಕೆ ಬಂದರೆ ಅದೂ ಅಲ್ಲೇ ಬಂದು ಕೂರುತ್ತದಂತೆ. ಆಗ ಲೆಕ್ಕಕ್ಕೆ ಜಾಗ ಸಾಲುವುದಿಲ್ಲ. ಮನಸ್ಸಿನ ಬಗ್ಗೆ ಅಭ್ಯಾಸ ಮಾಡುವ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ ಎಂದು ನಮ್ಮ ವಿಜ್ಞಾನದ ಗುರುಗಳು ಹೇಳಿದರು. ಅದನ್ನು ಕೇಳಿದಾಗ ನನಗೆ ಅಳು ಬರುವ ಹಾಗಾಯಿತು. ಯಾಕೆಂದರೆ ಅಷ್ಟು ವರ್ಷ ನಾನು ದಡ್ಡಿ ಅಂತ ತಿಳಿದಿದ್ದೆ.

ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. 2010ರಲ್ಲಿ ಅಮೆರಿಕದ ಚಿಕಾಗೋ ವಿಶ್ವವಿದ್ಯಾಲಯದ ಸಿಯಾನ್ ಬೈಲಾಕ್ ಎಂಬುವರೂ ಅವರ ಜೊತೆಯವರೂ ಒಂದು ಅಧ್ಯಯನ ಪ್ರಕಟಿಸಿದರು. ಒಂದನೇ ಮತ್ತು ಎರಡನೇ ತರಗತಿಗೆ ಕಲಿಸುವ 17 ಜನ ಶಿಕ್ಷಕಿಯರಿಗೆ ಲೆಕ್ಕದ ಬಗ್ಗೆ ಎಷ್ಟು ಆತಂಕ ಇದೆ ಅಂತ ಕೇಳಿ ತಿಳಿದುಕೊಂಡರು. ಅವರ ತರಗತಿಯ 52 ಹುಡುಗರು ಮತ್ತು 65 ಹುಡುಗಿಯರಿಗೆ ವರ್ಷದ ಮೊದಲಿಗೆ ಒಂದು ಸಲ, ಕೊನೆಗೆ ಒಂದು ಸಲ ಪರೀಕ್ಷೆ ಮಾಡಿದರು. ಮೊದಲಿನ ಪರೀಕ್ಷೆಯಲ್ಲಿ ಶಿಕ್ಷಕಿಯ ಆತಂಕಕ್ಕೂ ಮಕ್ಕಳ ಲೆಕ್ಕಕ್ಕೂ ಏನೂ ಸಂಬಂಧ ಕಾಣಲಿಲ್ಲ. ವರ್ಷದ ಕೊನೆಗೆ ಕಂಡಿತು. ಶಿಕ್ಷಕಿಗೆ ಆತಂಕ ಜಾಸ್ತಿ ಇದ್ದ ಕಡೆ 'ಲೆಕ್ಕ ಹುಡುಗರಿಗೆ, ಓದುವುದು ಹುಡುಗಿಯರಿಗೆ' ಎಂದು ನಂಬಿದ ಹುಡುಗಿಯರು ಜಾಸ್ತಿ ಇದ್ದರು. ಹಾಗೆ ನಂಬಿದ ಹುಡುಗಿಯರು ಲೆಕ್ಕದಲ್ಲಿ ಹಿಂದೆ ಬಿದ್ದಿದ್ದರು. ಹುಡುಗರಲ್ಲಿ ಹಾಗೆ ಆಗಿರಲಿಲ್ಲ.

ಇದನ್ನು ಕೇಳಿ ನಾನು ಬೆಚ್ಚಿಬಿದ್ದೆ. ಅಮೆರಿಕದ ಯಾವುದೋ ಶಾಲೆಯಲ್ಲಿ ಆದದ್ದೂ ಹೊಸನಗರದ ಕಡೆಯ ಹಳ್ಳಿ ಶಾಲೆಯಲ್ಲಿ ಆದದ್ದೂ ಒಂದೇ! ಆದರೆ ಗುರುಗಳು ಇನ್ನೊಂದು ಮಾತು ಹೇಳಿದರು, ಅದನ್ನೂ ಬರೆಯಬೇಕು. 17 ಜನ ಶಿಕ್ಷಕಿಯರು ಅಂದರೆ ನಮ್ಮ ಒಂದು ಕ್ಲಸ್ಟರಿನ ಸಭೆಗೆ ಬರುವಷ್ಟು ಜನ. ಅಷ್ಟರಿಂದಲೇ ಪ್ರಪಂಚದ ಎಲ್ಲಾ ಶಿಕ್ಷಕರೂ ಹೀಗೆ ಎಂದು ಹೇಳಲು ಆಗುವುದಿಲ್ಲ. ಅದು ಸರಿ. ನಾನೂ ಹಾಗೆ ಹೇಳುವುದಿಲ್ಲ. ಆದರೆ ನಮ್ಮ ದೇಶದಲ್ಲೂ ದೊಡ್ಡವರು ಇದನ್ನು ಗಮನಿಸಿದ್ದಾರೆ. ಗಣಿತ ಕಲಿಸುವ ಬಗ್ಗೆ 2006ರಲ್ಲಿ ಎನ್.ಸಿ.ಇ.ಆರ್.ಟಿ. ಒಂದು ವರದಿ ಪ್ರಕಟಿಸಿತು. ಹೆಚ್ಚಿನ ಮಕ್ಕಳಲ್ಲಿ ಗಣಿತ ಅಂದರೆ ಭಯ ಮತ್ತು ಸೋತ ಭಾವನೆ ಇದೆ ಎಂಬುದನ್ನು ಆ ವರದಿ ಮೊದಲನೇ ಸಮಸ್ಯೆ ಎಂದು ಹೇಳಿದೆ. ಶಿಕ್ಷಕರಿಗೆ ಸಾಕಷ್ಟು ತಯಾರಿ ಮತ್ತು ಬೆಂಬಲ ಸಿಗುತ್ತಿಲ್ಲ ಎಂದೂ ಹೇಳಿದೆ. ಎರಡನ್ನೂ ಒಟ್ಟಿಗೆ ಓದಬೇಕು ಅಂತ ನನಗೆ ಅನಿಸುತ್ತದೆ.

ಈಗ ನನ್ನ ಚಿಕ್ಕಮ್ಮನ ವಿಷಯ ಹೇಳುತ್ತೇನೆ. ಅವರು ತೀರ್ಥಹಳ್ಳಿ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರು. ದಸರಾ ರಜೆಯಲ್ಲಿ ಬಂದಾಗ ನಾನು ಧೈರ್ಯ ಮಾಡಿ "ಚಿಕ್ಕಮ್ಮಾ, ನಿಂಗೆ ಲೆಕ್ಕ ಅಂದ್ರೆ ಇಷ್ಟನಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಅಡಿಕೆ ಸುಲಿಯುತ್ತಿದ್ದರು. ಆಮೇಲೆ ಹೇಳಿದರು. ಅವರು ಚಿಕ್ಕವರಿದ್ದಾಗ ಹದಿಮೂರರ ಮಗ್ಗಿ ತಪ್ಪಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಪಟ್ಟಿಯಲ್ಲಿ ಹೊಡೆದಿದ್ದರಂತೆ. ಅವತ್ತಿನಿಂದ ಲೆಕ್ಕ ಅಂದರೆ ಕೈ ಬೆವರುತ್ತಿತ್ತಂತೆ. ಎಸ್.ಎಸ್.ಎಲ್.ಸಿ.ಯಲ್ಲಿ ಹೇಗೋ ಪಾಸಾಗಿ, ಪಿ.ಯು.ಸಿ.ಯಲ್ಲಿ ಲೆಕ್ಕ ಇಲ್ಲದ ಕಲಾ ವಿಭಾಗ ತೆಗೆದುಕೊಂಡು, 'ಅಬ್ಬಾ, ಇನ್ನು ಇದರ ಮುಖ ನೋಡೋದು ಬೇಡ' ಅಂದುಕೊಂಡರಂತೆ. ಆಮೇಲೆ ಶಿಕ್ಷಕಿಯಾದರು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇರುವುದೇ ಇಬ್ಬರು ಶಿಕ್ಷಕರು. ಲೆಕ್ಕ ಮಾಡಲ್ಲ ಅನ್ನಲು ಆಗುತ್ತದಾ? "ಮೊದಲನೇ ವರ್ಷ ಬೋರ್ಡಿನ ಕಡೆ ತಿರುಗಿ ಲೆಕ್ಕ ಬರೆಯುವಾಗ ನನ್ನ ಕೈ ನಡುಗ್ತಿತ್ತು ಮಾರಾಯ್ತಿ, ಮಕ್ಕಳಿಗೆ ಬೆನ್ನು ಹಾಕಿರೋದ್ರಿಂದ ಗೊತ್ತಾಗಲ್ಲ ಅಂದ್ಕೊಂಡಿದ್ದೆ" ಅಂದರು ಚಿಕ್ಕಮ್ಮ.

ನಾನು "ಗೊತ್ತಾಗ್ತದೆ ಚಿಕ್ಕಮ್ಮಾ" ಅಂದೆ. ಅವರು ನನ್ನ ಮುಖ ನೋಡಿ ಏನೂ ಹೇಳಲಿಲ್ಲ.

ಆಮೇಲೆ ನನಗೆ ಒಂದು ಸಂಗತಿ ಹೊಳೆಯಿತು. ಹೊಸನಗರದ ಅಕ್ಕೋರೂ ಒಂದು ಕಾಲದಲ್ಲಿ ಎಂಟು ವರ್ಷದ ಹುಡುಗಿ ಆಗಿದ್ದರು. ಅವರಿಗೂ ಯಾರೋ ಹೆದರಿಸಿದ್ದಿರಬೇಕು. ಆ ಯಾರಿಗೋ ಇನ್ನೂ ಹಿಂದಿನವರು ಹೆದರಿಸಿದ್ದಿರಬೇಕು. ಆದ್ದರಿಂದ ಅವರ ತಪ್ಪು ಎಂದು ಹೇಳಲು ನನಗೆ ಮನಸ್ಸಿಲ್ಲ. ಒಬ್ಬರೇ ಶಿಕ್ಷಕರು ಕನ್ನಡ, ಲೆಕ್ಕ, ಪರಿಸರ ಎಲ್ಲ ಮಾಡಬೇಕು, ಬಿಸಿಯೂಟದ ಲೆಕ್ಕ ಇಡಬೇಕು, ಹಾಲಿನ ಪುಡಿಯ ಲೆಕ್ಕ ಇಡಬೇಕು, ಮೀಟಿಂಗಿಗೆ ಹೋಗಬೇಕು. ಅವರಿಗೆ ಯಾರು ಕೂತು ನಿಧಾನವಾಗಿ ಲೆಕ್ಕ ಹೇಳಿಕೊಟ್ಟರು? 'ನಿಮಗೆ ಹೆದರಿಕೆ ಇದೆಯಾ' ಅಂತ ಯಾರು ಕೇಳಿದರು?

ಇಷ್ಟು ಬರೆದು ನಾನು ಒಳ್ಳೆಯವಳು ಅಂತ ಆಗಬಾರದು. ನನ್ನ ತಪ್ಪನ್ನೂ ಬರೆಯುತ್ತೇನೆ.

ಮೊನ್ನೆ ನವೆಂಬರಿನಲ್ಲಿ ನಲಿಕಲಿ ಅಕ್ಕೋರು ತರಬೇತಿಗೆ ಹೋಗಿದ್ದಾಗ ನಮ್ಮ ತರಗತಿಯ ನಾಲ್ಕು ಜನರನ್ನು ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಕಳಿಸಿದ್ದರು, ನೆನಪಿದೆಯಲ್ಲ? ನನ್ನ ಪಾಲಿಗೆ ಎರಡನೇ ತರಗತಿಯ ಐದು ಮಕ್ಕಳು ಬಂದಿದ್ದರು. ಕಳೆಯುವ ಲೆಕ್ಕ ಹೇಳಿಕೊಡುವಾಗ ನಾನು ದೊಡ್ಡ ಅಕ್ಕೋರ ಹಾಗೆ, "ನೋಡಿ, ಈಗ ಸಾಲ ತಗಳೋ ಲೆಕ್ಕ ಬಂತು. ಇದು ಭಾಳ ಕಷ್ಟ. ನಂಗೂ ನಿಮ್ಮಷ್ಟಿದ್ದಾಗ ಬರ್ತಿರ್ಲಿಲ್ಲ" ಅಂದೆ. ಮಕ್ಕಳಿಗೆ ಸಮಾಧಾನ ಆಗಲಿ ಅಂತಲೇ ಹೇಳಿದ್ದು. ನಾಲ್ಕು ದಿನ ಬಿಟ್ಟು ಮತ್ತೆ ಹೋದಾಗ ಒಬ್ಬಳು ಪುಟ್ಟಿಗೆ 53ರಲ್ಲಿ 28 ಕಳಿ ಅಂತ ಬರೆದು ಕೊಟ್ಟೆ. ಅವಳು ಸ್ಲೇಟನ್ನು ನೋಡಿ, ಒಂದು ಗೆರೆಯನ್ನೂ ಎಳೆಯದೆ, ಸ್ಲೇಟು ಮಗುಚಿ ಇಟ್ಟು, ದೊಡ್ಡ ಉಸಿರು ಬಿಟ್ಟು, "ಅಕ್ಕಾ, ಇದು ಸಾಲದ್ದು. ಕಷ್ಟ ಅಲ್ದಾ? ನಂಗೆ ಬರಲ್ಲ" ಅಂದಳು.

ಆ ಉಸಿರು ನಂದೇ! ಹೊಸನಗರದ ಅಕ್ಕೋರಿಂದ ನಾನು ತಂದು ಸಾಗರ ತಾಲೂಕಿನ ಈ ಪುಟ್ಟಿಗೆ ಕೊಟ್ಟಿದ್ದೆ. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮಾರನೇ ದಿನ ಮನೆಯಿಂದ ಹಿಡಿಕಡ್ಡಿ ತಂದೆ. ಹತ್ತು ಹತ್ತು ಕಡ್ಡಿ ಸೇರಿಸಿ ಬಾಳೆ ನಾರಿನಲ್ಲಿ ಕಂತೆ ಕಟ್ಟಿದೆ. ಅವಳ ಮುಂದೆ ಐದು ಕಂತೆ, ಮೂರು ಬಿಡಿ ಕಡ್ಡಿ ಇಟ್ಟು "ಇದರಲ್ಲಿ ನಂಗೆ ಇಪ್ಪತ್ತೆಂಟು ಕೊಡು, ನೋಡೋಣ" ಅಂದೆ. ಕಷ್ಟ ಅಂತಲೂ ಹೇಳಲಿಲ್ಲ, ಸುಲಭ ಅಂತಲೂ ಹೇಳಲಿಲ್ಲ. ಸುಲಭ ಅಂತ ಹೇಳಿ ಬರದೇ ಹೋದರೆ ಅವಳಿಗೆ ಇನ್ನೂ ಬೇಜಾರಾಗುತ್ತದಲ್ಲ. ಅವಳು ಎರಡು ಕಂತೆ ಕೊಟ್ಟಳು. ಎಂಟು ಬಿಡಿ ಬೇಕು, ಇರುವುದು ಮೂರು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಾನೇ ಒಂದು ಕಂತೆಯ ನಾರು ಬಿಚ್ಚಿದಳು. ಹದಿಮೂರು ಬಿಡಿ ಆಯಿತು, ಎಂಟು ಕೊಟ್ಟಳು, ಐದು ಉಳಿಯಿತು. ಕಂತೆ ಎರಡು ಉಳಿದಿತ್ತು. "ಇಪ್ಪತ್ತೈದು!" ಅಂದಳು. ಆಮೇಲೆ "ಅಕ್ಕಾ, ಕಂತೆ ಬಿಚ್ಚೋದಕ್ಕೇ ಸಾಲ ಅಂತಾರಾ? ಅಷ್ಟೇನಾ?" ಅಂತ ಕೇಳಿದಳು. ನಿಜ ಹೇಳುತ್ತೇನೆ, ನನಗೂ ಅದು ಸರಿಯಾಗಿ ಅರ್ಥ ಆಗಿದ್ದು ಅವತ್ತೇ.

ಮನೆಯಲ್ಲೂ ಇದೇ ಕಥೆ. ನಾನು ಲೆಕ್ಕ ಕೇಳಿದರೆ ಅಮ್ಮ "ನಂಗೆ ಲೆಕ್ಕ ಗಿಕ್ಕ ಬರಲ್ಲ, ಅಪ್ಪನ್ನ ಕೇಳು" ಅನ್ನುತ್ತಾರೆ. ಆದರೆ ಅಡಿಕೆಗೆ ಕೊಳೆರೋಗ ಬರಬಾರದು ಅಂತ ಬೋರ್ಡೋ ಹೊಡೆಸುವಾಗ ಮದ್ದು ಕಲಸುವುದು ಯಾರು? ಅಮ್ಮನೇ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಇನ್ನೂರು ಲೀಟರಿನ ಡ್ರಮ್ಮಿಗೆ ಎರಡೆರಡು ಕೆ.ಜಿ. ಕೊನೆಗೆ ನಾಲ್ಕು ಮರ ಉಳಿದು ಐವತ್ತು ಲೀಟರ್ ಸಾಕು ಅಂದರೆ ಅರ್ಧರ್ಧ ಕೆ.ಜಿ. ಅಮ್ಮನಿಗೆ ಕಾಗದವೂ ಬೇಡ, ಪೆನ್ಸಿಲ್ಲೂ ಬೇಡ. ನಮ್ಮ ಪುಸ್ತಕದಲ್ಲಿ ಇದನ್ನೇ ಅನುಪಾತ ಮತ್ತು ಶೇಕಡಾ ಎಂದು ಕರೆದಿದ್ದಾರೆ. ಶೇಕಡಾ ಒಂದರ ದ್ರಾವಣ! ಅಜ್ಜನೂ ಹಾಗೇ. ಒಂಬತ್ತು ಅಡಿಗೆ ಒಂದರಂತೆ ಅಡಿಕೆ ಸಸಿ ನೆಟ್ಟರೆ ಎಕರೆಗೆ ಐನೂರೈವತ್ತು ಬೇಕು ಅನ್ನುತ್ತಾರೆ. ನಾನು ಲೆಕ್ಕ ಮಾಡಿ ನೋಡಿದೆ. ಒಂದು ಸಸಿಗೆ 81 ಚದರ ಅಡಿ, ಒಂದು ಎಕರೆಗೆ 43,560 ಚದರ ಅಡಿ. ಭಾಗಿಸಿದರೆ ಸುಮಾರು 538 ಬರುತ್ತದೆ. "ಹನ್ನೆರಡು ಹೆಚ್ಚಿಗೆ ಯಾಕಜ್ಜಾ?" ಅಂದರೆ "ಸತ್ತ ಸಸಿಗೆ ಬದಲಿ ನೆಡೂದು ಬ್ಯಾಡ್ದಾ?" ಅಂದರು. ಇಂಥವರೂ ನಮಗೆ ಲೆಕ್ಕ ಬರಲ್ಲ ಅನ್ನುತ್ತಾರೆ. ಅವರಿಗೆ ಹಾಗೆ ಹೇಳಿದವರು ಯಾರು?

ತಂದೆ ತಾಯಿಯರ ಬಗ್ಗೆಯೂ ಅದೇ ಅಮೆರಿಕದವರು 2015ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದ್ದಾರೆ. ಲೆಕ್ಕ ಅಂದರೆ ಆತಂಕ ಇರುವ ತಂದೆ ತಾಯಿ ಮಕ್ಕಳ ಮನೆಲೆಕ್ಕಕ್ಕೆ ಪದೇ ಪದೇ ಸಹಾಯ ಮಾಡಿದರೆ ಮಕ್ಕಳು ಆ ವರ್ಷ ಕಡಿಮೆ ಕಲಿತರಂತೆ, ಅವರ ಆತಂಕವೂ ಹೆಚ್ಚಾಯಿತಂತೆ. ಹಾಗಂತ ಅಪ್ಪ ಅಮ್ಮ ಸಹಾಯ ಮಾಡಬಾರದು ಅಂತಲ್ಲ. ಪುಸ್ತಕದ ಲೆಕ್ಕ ಬರದಿದ್ದರೆ ಮದ್ದಿನ ಲೆಕ್ಕ ಹೇಳಿಕೊಡಲಿ. ಅದರಲ್ಲಿ ಅವರಿಗೆ ಹೆದರಿಕೆ ಇಲ್ಲವಲ್ಲ.

ಹುಡುಗಿಯರಿಗೆ ಲೆಕ್ಕ ಬರಲ್ಲ ಅನ್ನುವವರಿಗೆ ಒಂದು ಮಾತು. ಭಾಸ್ಕರಾಚಾರ್ಯರು 1150ರಲ್ಲಿ 'ಲೀಲಾವತಿ' ಎಂಬ ಗಣಿತದ ಗ್ರಂಥ ಬರೆದರು. ಅದರಲ್ಲಿ ಎಷ್ಟೋ ಲೆಕ್ಕಗಳನ್ನು ಒಬ್ಬ ಹುಡುಗಿಯನ್ನು ಪ್ರೀತಿಯಿಂದ ಕರೆದು ಕೇಳಿದ್ದಾರೆ. ದುಂಬಿಗಳ ಲೆಕ್ಕ, ಹಂಸಗಳ ಲೆಕ್ಕ, ನವಿಲು ಮತ್ತು ಹಾವಿನ ಲೆಕ್ಕ ಎಲ್ಲ ಇದೆ. ಅವಳು ಅವರ ಮಗಳು ಎಂದು ಜನ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಪುಸ್ತಕ ಮಾತಾಡುವುದು ಹುಡುಗಿಯ ಜೊತೆ. ಅದಕ್ಕೂ ಮುನ್ನೂರು ವರ್ಷ ಹಿಂದೆ, ನಮ್ಮ ನೃಪತುಂಗನ ಕಾಲದಲ್ಲಿ ಇದ್ದ ಮಹಾವೀರಾಚಾರ್ಯರು 'ಗಣಿತಸಾರ ಸಂಗ್ರಹ' ಬರೆದರು. ಅವರು ಪಾಠ ಶುರು ಮಾಡುವ ಮೊದಲೇ ಗಣಿತವನ್ನು ಹೊಗಳುತ್ತಾರೆ. ಸಂಗೀತ, ನಾಟಕ, ಅಡುಗೆ, ವೈದ್ಯ ಎಲ್ಲದಕ್ಕೂ ಗಣಿತ ಬೇಕು ಅನ್ನುತ್ತಾರೆ. 'ಇದೊಂದು ಮುಗಿಸಿಬಿಡೋಣ' ಅಂತ ಅವರು ಶುರು ಮಾಡಲಿಲ್ಲ.

ಕೆಲವರು ಕೇಳಬಹುದು: ಮೇಷ್ಟ್ರಿಗೆ ಲೆಕ್ಕ ಇಷ್ಟ ಇದ್ದುಬಿಟ್ಟರೆ ಸಾಕಾ? ಮಕ್ಕಳು ಅಭ್ಯಾಸ ಮಾಡುವುದು ಬೇಡವಾ? ಬೇಕು. ಮಗ್ಗಿ ಕಲಿಯಲೇಬೇಕು. ನಾನು ಇಲ್ಲಿಗೆ ಬಂದ ಮೇಲೆ ದಿನಾ ಐದು ಲೆಕ್ಕ ಮಾಡಿದ್ದಕ್ಕೇ ಈಗ ಪಾಸಾಗುತ್ತಿದ್ದೇನೆ. ಬೇಸಿಗೆ ರಜೆಯಲ್ಲಿ ಒಂದು ಕಡೆ ಪಾಠಕ್ಕೆ ಹೋಗಿದ್ದೆ. ಅಲ್ಲಿಯ ಸರ್‌ಗೆ ಲೆಕ್ಕ ಅಂದರೆ ಪ್ರಾಣ. ಆದರೆ ನಾವು ತಡ ಮಾಡಿದರೆ "ಇಷ್ಟೂ ಬರಲ್ವಾ? ಕೊಡಿಲ್ಲಿ" ಅಂತ ಚಾಕ್‌ಪೀಸ್ ಕಿತ್ತುಕೊಂಡು ತಾವೇ ಮಾಡಿಬಿಡುತ್ತಿದ್ದರು. ಅವರ ಲೆಕ್ಕ ಮುಗಿಯುತ್ತಿತ್ತು, ನಮ್ಮದು ಮುಗಿಯುತ್ತಿರಲಿಲ್ಲ. ಆದ್ದರಿಂದ ಲೆಕ್ಕದ ಮೇಲೆ ಪ್ರೀತಿ ಇದ್ದರೆ ಸಾಲದು, ತಪ್ಪು ಮಾಡುವ ಮಕ್ಕಳ ಮೇಲೆ ತಾಳ್ಮೆಯೂ ಬೇಕು. ಆದರೆ ಹೆದರಿಕೆ ಇದ್ದರೆ ಅಭ್ಯಾಸ ಮಾಡಲು ಮನಸ್ಸೇ ಬರುವುದಿಲ್ಲ. ಸ್ಲೇಟು ಮಗುಚಿ ಇಟ್ಟವಳು ಅಭ್ಯಾಸ ಹೇಗೆ ಮಾಡುತ್ತಾಳೆ?

ನಮ್ಮ ರಾಜ್ಯದಲ್ಲಿ ಇದಕ್ಕೆ ದಾರಿ ಇಲ್ಲ ಅಂತಲ್ಲ. ನಲಿಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿಯ ಶಿಕ್ಷಕರೇ ಸೇರಿ ಕಾರ್ಡು, ಕಲಿಕಾ ಏಣಿ ಎಲ್ಲ ಮಾಡಿದರು. 2009-10ರಲ್ಲಿ ಅದು ರಾಜ್ಯದ ಎಲ್ಲಾ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು. ಅದರಲ್ಲಿ ನನಗೆ ಇಷ್ಟವಾದದ್ದು, ಅಕ್ಕೋರು ಕೆಳಗೆ ಮಕ್ಕಳ ಜೊತೆ ಕೂರುತ್ತಾರೆ. ಎತ್ತರದಲ್ಲಿ ನಿಂತವರ ಹೆದರಿಕೆ ಎಲ್ಲರಿಗೂ ಕಾಣುತ್ತದೆ. ಪಕ್ಕದಲ್ಲಿ ಕೂತರೆ ಇಬ್ಬರೂ ಸೇರಿ ಯೋಚನೆ ಮಾಡಬಹುದು. ಆಮೇಲೆ ನಾಲ್ಕು ಮತ್ತು ಐದನೇ ತರಗತಿಗೆ ಗಣಿತ ಕಲಿಕಾ ಆಂದೋಲನ ಅಂತ ಸರ್ಕಾರ ಮತ್ತು ಅಕ್ಷರ ಫೌಂಡೇಶನ್ ಸೇರಿ ಒಂದು ಪೆಟ್ಟಿಗೆ ಕೊಟ್ಟರು. ಮಣಿಕಟ್ಟು, ಭಿನ್ನರಾಶಿಯ ತುಂಡುಗಳು, ಆಟದ ನೋಟು, ಗಡಿಯಾರ, ದಾಳ ಎಲ್ಲ ಅದರಲ್ಲಿವೆ. ಆದರೆ ನನ್ನ ದೊಡ್ಡಪ್ಪನ ಮಗ ಓದಿದ ಶಾಲೆಯಲ್ಲಿ ಆ ಪೆಟ್ಟಿಗೆ ಬೀರುವಿನಲ್ಲೇ ಇರುತ್ತಿತ್ತಂತೆ, ಒಂದು ತುಂಡು ಕಳೆದರೆ ಲೆಕ್ಕ ಕೊಡಬೇಕಲ್ಲ ಅಂತ. ನೋಡಿ, ಅಲ್ಲೂ ಲೆಕ್ಕದ ಹೆದರಿಕೆ! ಪೆಟ್ಟಿಗೆ ಕೊಟ್ಟರೆ ಸಾಲದು, ಪೆಟ್ಟಿಗೆ ತೆಗೆಯುವವರಿಗೆ ಧೈರ್ಯವನ್ನೂ ಕೊಡಬೇಕು.

ಒಬ್ಬ ಮೇಷ್ಟ್ರ ಹೆಸರು ಹೇಳಿ ಮುಗಿಸುತ್ತೇನೆ. ಡಿ. ಆರ್. ಕಾಪ್ರೇಕರ್ ಎಂಬುವರು ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. ದೊಡ್ಡ ವಿಶ್ವವಿದ್ಯಾಲಯದ ಪ್ರೊಫೆಸರ್ ಏನಲ್ಲ. ಆದರೆ ಅಂಕಿಗಳ ಜೊತೆ ಆಡುವುದೆಂದರೆ ಅವರಿಗೆ ತುಂಬಾ ಸಂತೋಷ. 1949ರಲ್ಲಿ ಅವರು 6174 ಎಂಬ ಸಂಖ್ಯೆಯ ಗುಟ್ಟು ಕಂಡುಹಿಡಿದರು. ನೀವೂ ಮಾಡಿ ನೋಡಿ. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಇರಬಾರದು. ನಾನು 3524 ತೆಗೆದುಕೊಂಡೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 5432, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 2345. ಕಳೆದರೆ 3087. ಮತ್ತೆ ಹಾಗೇ, 8730ರಲ್ಲಿ 0378 ಕಳೆದರೆ 8352. ಮತ್ತೆ 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ ಅದೇ. ಯಾವ ಸಂಖ್ಯೆ ತೆಗೆದುಕೊಂಡರೂ ಏಳು ಸಲದೊಳಗೆ 6174ಕ್ಕೇ ಬಂದು ನಿಲ್ಲುತ್ತದೆ. ಇದರಲ್ಲಿ ಬರುವುದೆಲ್ಲ ಸಾಲ ತೆಗೆದುಕೊಳ್ಳುವ ಕಳೆಯುವ ಲೆಕ್ಕವೇ! ಶಿಕ್ಷೆ ಅಂತ ಕೊಟ್ಟಿದ್ದರೆ ನಾನು ಮೂರನ್ನೂ ಮಾಡುತ್ತಿರಲಿಲ್ಲ. ಇದನ್ನು ಒಂದು ರಾತ್ರಿ ಕರೆಂಟು ಹೋದಾಗ ದೀಪ ಹಚ್ಚಿಕೊಂಡು ಹದಿನಾಲ್ಕು ಸಂಖ್ಯೆಗೆ ಮಾಡಿದ್ದೇನೆ.

ಕೊನೆಗೆ ನನ್ನ ಕೋರಿಕೆಗಳು.

ಗುರುಗಳಲ್ಲಿ: ದಯವಿಟ್ಟು ಲೆಕ್ಕವನ್ನು ಶಿಕ್ಷೆಯಾಗಿ ಕೊಡಬೇಡಿ. ಬೇಕಾದರೆ ಅಂಗಳ ಗುಡಿಸಲು ಹೇಳಿ, ಗುಡಿಸುತ್ತೇವೆ. ಚಿಕ್ಕ ತರಗತಿಗೆ ಲೆಕ್ಕದ ಅವಧಿಯನ್ನು ಬೆಳಿಗ್ಗೆ ಇಡಿ, ಎಲ್ಲರಿಗೂ ಸುಸ್ತಾದ ಮೇಲೆ ಬೇಡ. ನಿಮಗೂ ಒಂದು ಲೆಕ್ಕ ಬರದಿದ್ದರೆ 'ನೋಡೋಣ, ಎಲ್ಲರೂ ಸೇರಿ ಮಾಡೋಣ' ಅನ್ನಿ. ನಾವು ನಗುವುದಿಲ್ಲ. ನನ್ನ ಚಿಕ್ಕಮ್ಮ ಈಗ ಹಾಗೇ ಮಾಡುತ್ತಾರಂತೆ. ಹೋದ ವಾರ ಫೋನು ಮಾಡಿದಾಗ, "ಈಗ ಬೋರ್ಡಿಗೆ ಒಂದೊಂದು ಸಲ ಮಕ್ಕಳನ್ನೇ ಕರೀತೀನಿ ಕಣೇ, ನಾನು ಅವರ ಜಾಗದಲ್ಲಿ ಕೂತ್ಕೋತೀನಿ, ನಂಗೂ ಧೈರ್ಯ ಬಂದಿದೆ" ಅಂದರು. ಮತ್ತೆ, ಹೆಣ್ಣುಮಕ್ಕಳಿಗೆ ಕಷ್ಟ ಅಂತ ಸಮಾಧಾನಕ್ಕೂ ಹೇಳಬೇಡಿ. ಆ ಸಮಾಧಾನ ನಮಗೆ ಬೇಡ.

ಗೆಳೆಯ ಗೆಳತಿಯರಲ್ಲಿ: ಯಾರಾದರೂ ಬೋರ್ಡಿನ ಮುಂದೆ ತಪ್ಪು ಮಾಡಿದರೆ ನಗಬೇಡಿ. ಚಿಕ್ಕ ಮಕ್ಕಳ ಮುಂದೆ 'ಲೆಕ್ಕ ಕಷ್ಟ' ಅನ್ನಬೇಡಿ. ಅವರು ನಮ್ಮ ಬಾಯನ್ನೇ ನೋಡುತ್ತಿರುತ್ತಾರೆ.

ಹೊಸನಗರದ ನನ್ನ ಅಕ್ಕೋರು ಈಗ ಬೇರೆ ಕಡೆಗೆ ವರ್ಗವಾಗಿದ್ದಾರಂತೆ. ಅವರು ಇದನ್ನು ಓದುವುದಿಲ್ಲ. ಓದಿದ್ದರೆ ಅವರಿಗೆ ಎರಡು ವಿಷಯ ಹೇಳುತ್ತಿದ್ದೆ. ಒಂದು, ನೀವು ಹೇಳಿದ ಒಂದು ಕಥೆಯನ್ನೂ ನಾನು ಮರೆತಿಲ್ಲ. ಎರಡು, ನಿಮಗೆ ಬೇಕಿದ್ದರೆ ನನ್ನ ಹತ್ತಿರ ಇನ್ನೂ ಹಿಡಿಕಡ್ಡಿ ಕಂತೆ ಇದೆ, ಬನ್ನಿ, ಇಬ್ಬರೂ ಕೂತು ಬಿಚ್ಚೋಣ.

ತಪ್ಪಿದ್ದರೆ ಕ್ಷಮೆ ಇರಲಿ.

– ಏಳನೇ ತರಗತಿಯ ವಿದ್ಯಾರ್ಥಿನಿ